ಸಡಿಲು ಮುಚ್ಚಳದ ಕರಡಿಗೆ

ಕಳೆದ ವಾರ ಹಳೆಯ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ಬಿಳಿ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚುವ ಮೊದಲೇ ವಿಭೂತಿಯ ವಾಸನೆ ಬಂತು. ಒಳಗಿದ್ದದ್ದು ಅತ್ತೆಯವರ ಬೆಳ್ಳಿಯ ಕರಡಿಗೆ. ಇಷ್ಟಲಿಂಗವನ್ನು ಇಟ್ಟು, ಶಿವದಾರಕ್ಕೆ ಪೋಣಿಸಿ ಕೊರಳಲ್ಲಿ ಹಾಕಿಕೊಳ್ಳುವ ಪುಟ್ಟ ಡಬ್ಬಿ ಅದು. ಮುಚ್ಚಳ ತೆರೆದುಕೊಳ್ಳದಂತೆ ಕರಿ ದಾರ ಸುತ್ತಿ ಗಂಟು ಹಾಕಿತ್ತು. ಹಿರಿಯರ ವಸ್ತು ಹೀಗೆ ಕೈಗೆ ಬಂದಾಗ ಕಣ್ಣು ತುಂಬಬೇಕು ಅನ್ನುತ್ತಾರೆ. ನನಗೆ ಮೊದಲು ಬಂದದ್ದು ಸಿಟ್ಟು. ಬೆಳ್ಳಿ ಕೆಲಸ ಮಾಡುವ ಪತ್ತಾರನ ಅಂಗಡಿ ನಮ್ಮ ಓಣಿಯ ತಿರುವಿನಲ್ಲೇ ಇತ್ತು. ಒಂದು ಬೆಸುಗೆ ಹಾಕಿಸಿದ್ದರೆ ಮುಗಿಯುತ್ತಿತ್ತು.

"ಅತ್ಯಾರ, ಅದರ ಮುಚ್ಚಳ ಸಡ್ಲ ಆಗೈತ್ರಿ. ಪತ್ತಾರಗ ಕೊಟ್ಟು ಬರ್ತೀನಿ ಕೊಡ್ರಿ" ಎಂದು ಎಷ್ಟು ಸಲ ಹೇಳಿದೆನೋ.

"ನಡಿತೈತಿ ಬಿಡು. ನಮ್ಮತ್ತಿ ಕಾಲದಾಗಿಂದ ಹಿಂಗ ನಡಕೊಂಡ ಬಂದೈತಿ."

ನಡೆಯುತ್ತದೆ ಅಂದ ಮೇಲೆ ಮುಗಿಯಿತು. ನಮ್ಮ ಮನೆಯಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ಹೇಳುವವರು ಅವರೊಬ್ಬರೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಮಾಡಿದವರು ಸಿಂಧನೂರಿನ ನಮ್ಮ ಮನೆಗೆ ಬಂದಿರಲಿಲ್ಲ. ಇಲ್ಲಿ ಎರಡೂ ಕಾಲ ಅತ್ತೆಯದೇ ಆಗಿತ್ತು.

ನಾನು ಹಟ್ಟಿಯವಳು. ಅಪ್ಪ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಕಂಪನಿ ಕೊಟ್ಟ ಮನೆ, ಸಾಲು ಸಾಲು ಬಾಗಿಲು, ಊರೂರಿನ ಜನ. ಅಲ್ಲಿ ಯಾರ ಮನೆಯ ಮಗುವಿನ ಹುಟ್ಟುಹಬ್ಬವಾದರೂ ಇಡೀ ಸಾಲಿಗೆ ಚಾಕಲೇಟು ಬರುತ್ತಿತ್ತು. ಎಂಬತ್ತರ ದಶಕದ ನಡುವೆ ಮದುವೆಯಾಗಿ ಸಿಂಧನೂರಿಗೆ ಬಂದೆ. ಭತ್ತದ ವ್ಯಾಪಾರದ ಮನೆತನ, ದೊಡ್ಡ ಪಡಸಾಲೆ, ಶಿವಭಕ್ತಿಯ ಹಿರಿಯರು. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ಒಂದು ಹನಿ ನೀರು ಕುಡಿಯುತ್ತಿರಲಿಲ್ಲ. ಅದು ಅವರ ನೇಮ, ಇರಲಿ. ಆದರೆ ಅವರು ಕುಡಿಯುವ ತನಕ ನಮಗೂ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇಡ ಅಂತ ಅವರೇನೂ ಹೇಳಿರಲಿಲ್ಲ, ಸುಮ್ಮನೆ ಒಮ್ಮೆ ಕಪ್ಪಿನ ಕಡೆ ನೋಡುತ್ತಿದ್ದರು ಅಷ್ಟೆ.

ಅವರ ಜೊತೆ ಜಗಳವಾಡುವುದಕ್ಕೂ ಆಸ್ಪದವಿರಲಿಲ್ಲ. ಯಾವ ಕೆಲಸಕ್ಕೂ ಅವರು ಬೇಡ ಅನ್ನುತ್ತಿರಲಿಲ್ಲ. ಹೂಂ ಅನ್ನುತ್ತಿದ್ದರು. ಆಮೇಲೆ ಆ ಕೆಲಸವನ್ನು ಪೂರ್ತಿ ತಮ್ಮದು ಮಾಡಿಕೊಳ್ಳುತ್ತಿದ್ದರು. ಹಿತ್ತಲಲ್ಲಿ ಮಲ್ಲಿಗೆ ಹಚ್ಚುತ್ತೇನೆ ಅಂದರೆ ಹೂಂ. ಮರುದಿನ ನೋಡಿದರೆ ಅಲ್ಲಿ ಬದನೆ ಸಸಿ!

ಆ ಮನೆಯಲ್ಲಿ ನನ್ನ ಮಗಳಿಗೆ ಹುಟ್ಟುಹಬ್ಬವೆಂಬುದೇ ಇರಲಿಲ್ಲ. ಅದಕ್ಕೊಂದು ಕಾರಣವಿತ್ತು. ಅವಳು ಹುಟ್ಟಿದ್ದು ಹಟ್ಟಿಯಲ್ಲಿ, ನನ್ನ ತವರಲ್ಲಿ, ದೀಪಾವಳಿಗೆ ಸ್ವಲ್ಪ ಮೊದಲು. ಮೊಮ್ಮಗಳನ್ನು ನೋಡಲು ಹೊರಡಬೇಕೆಂದು ಮಾವ ಹೊಸ ಧೋತರ ತೆಗೆದಿಟ್ಟಿದ್ದರಂತೆ. ಹೊರಡುವ ಮುಂಚೆಯೇ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ನಾನು ಕೂಸನ್ನು ಎತ್ತಿಕೊಂಡು ಸಿಂಧನೂರಿಗೆ ವಾಪಸು ಬಂದಾಗ ಪಡಸಾಲೆಯಲ್ಲಿ ಮಾವನ ಫೋಟೋ ಇತ್ತು. ಅಡುಗೆಮನೆಯಲ್ಲಿ ನನ್ನ ನೆಗೆಣ್ಣಿ, ಅಂದರೆ ನಮ್ಮ ಹಿರಿಯ ಭಾವನ ಹೆಂಡತಿ, ನೆರೆಯವರ ಮುಂದೆ ಹೇಳುತ್ತಿದ್ದಳು: "ಏನ್ ಕಾಲ್ಗುಣನೋ ಯವ್ವಾ, ಅಜ್ಜನ್ನ ನುಂಗಿಕೊಂಡೇ ಹುಟ್ಟ್ಯಾಳ."

ಕಾಲ್ಗುಣ! ಆ ಕೂಸು ಇನ್ನೂ ಕಾಲನ್ನೇ ನೆಲಕ್ಕೆ ಊರಿರಲಿಲ್ಲ. ಅಂಗಡಿಯಲ್ಲಿ ಭತ್ತದ ಚೀಲಕ್ಕೆ ಇಲಿ ಬಿದ್ದರೂ, ಎಮ್ಮೆ ಹಾಲು ಕಡಿಮೆ ಕೊಟ್ಟರೂ ಅವಳ ಕಡೆ ಒಂದು ನೋಟ ಹರಿಯುತ್ತಿತ್ತು. ಅತ್ತೆ ಆ ಮಾತು ಆಡಲಿಲ್ಲ. ಆಡಬೇಡಿ ಅಂತಲೂ ಹೇಳಲಿಲ್ಲ. ಮೊಮ್ಮಗಳನ್ನು ಮಾತ್ರ ತೊಡೆಯಿಂದ ಇಳಿಸುತ್ತಿರಲಿಲ್ಲ. ಅವಳು ಕರಡಿಗೆಯ ಕರಿ ದಾರ ಬಿಚ್ಚಿ, ಮುಚ್ಚಳ ತೆಗೆದು ಹಾಕಿ ಆಡುತ್ತಿದ್ದಳು. "ಬೀಳ್ತೈತ್ರಿ ಅತ್ಯಾರ" ಅಂದರೆ, "ಶಿವನ ಜೋಡಿ ಆಡಾಕತ್ತಾಳ, ನಿನಗೇನ ತ್ರಾಸು?" ಎಂದು ನನಗೇ ತಿರುಗಿಸುತ್ತಿದ್ದರು.

ಮಗಳಿಗೆ ಮೂರು ತುಂಬುವ ಹೊತ್ತಿಗೆ ನಾನು ಗಟ್ಟಿ ಮನಸ್ಸು ಮಾಡಿದೆ. ಆ ದಿನ ಮನೆಮಂದಿಯೆಲ್ಲ ಒಂದು ಸಲವಾದರೂ ನಗಬೇಕು. ಅವಳು ಹುಟ್ಟಿದ ದಿನವೆಂದರೆ ಬರೀ ಸಾವಿನ ನೆನಪಲ್ಲ ಎಂಬುದು ಎಲ್ಲರ ಕಣ್ಣಿಗೂ ಕಾಣಬೇಕು. ನನಗೆ ಬೇಕಾಗಿದ್ದದ್ದು ಅಷ್ಟೆ. ನಮ್ಮವರಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು ಒಂದು ಉಪಾಯ ಹೇಳಿದರು. ಗೊರೇಬಾಳದ ಕಡೆ ಕಾಲುವೆಯಲ್ಲಿ ಒಬ್ಬ ಹರಿಗೋಲು ಇಟ್ಟುಕೊಂಡಿದ್ದ. ಸೇತುವೆ ದೂರವಿದ್ದ ಕಡೆ ರೈತರ ಗೊಬ್ಬರದ ಚೀಲಗಳನ್ನು ಈ ದಂಡೆಯಿಂದ ಆ ದಂಡೆಗೆ ಸಾಗಿಸುತ್ತಿದ್ದ. ಒಂದು ದಿನ ಬಾಡಿಗೆಗೆ ಕೇಳಿದರೆ ಬರುತ್ತಾನೆ. ನಾವು ಮೂವರು, ಜೊತೆಗೆ ಅತ್ತೆ. ನೀರಿನ ಜೊತೆ ಕೆಳಗೆ ತೇಲಿಕೊಂಡು ಹೋಗುವುದು, ದಂಡೆಯ ಮೇಲೆ ಊಟ ಮಾಡುವುದು, ಟ್ರ್ಯಾಕ್ಟರಿನಲ್ಲಿ ವಾಪಸು ಬರುವುದು.

ಅತ್ತೆಗೆ ಹೇಳಿದೆ. "ಹೂಂ" ಅಂದರು. ನನಗೆ ಬದನೆ ಸಸಿ ನೆನಪಾಯಿತು.

ಅಂದುಕೊಂಡಂತೆಯೇ ಆಯಿತು. ಸಂಜೆಯೊಳಗೆ ಓಣಿಗೆಲ್ಲ ಆಮಂತ್ರಣ ಹೋಗಿತ್ತು. ನೆಗೆಣ್ಣಿ ಹೊರಟಳು, ಅವಳ ಮಕ್ಕಳು ಹೊರಟರು, ಅತ್ತೆಯ ಜೊತೆ ಪುರಾಣ ಕೇಳಲು ಹೋಗುವ ಮುದುಕಿಯರು ಹೊರಟರು. ಬೇಕರಿಯಲ್ಲಿ ಹೇಳಿಟ್ಟಿದ್ದ ಕೇಕಿನ ವಿಷಯವನ್ನು ಅವರೇ ಹೋಗಿ ವಿಚಾರಿಸಿ ಬಂದರು. ತತ್ತಿ ಹಾಕುತ್ತಾರೆಂದು ತಿಳಿದ ಮೇಲೆ ಕೇಕು ಅಲ್ಲೇ ಉಳಿಯಿತು. ಅದರ ಬದಲು ಗೋಧಿ, ಬೆಲ್ಲದ ಮಾದಲಿ ಬಂತು. ಮೇಣದಬತ್ತಿಯನ್ನು ಕಣ್ಣಿಗೆ ಕಾಣದಂತೆ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದೆ, ಅದನ್ನೂ ಹುಡುಕಿ ತೆಗೆದರು. "ಹುಟ್ಟಿದ ದಿನ ದೀಪ ಹಚ್ತಾರೋ, ಊದಿ ಆರಸ್ತಾರೋ? ಹಟ್ಟ್ಯಾಗ ಇದನ್ನ ಕಲಿಸ್ಯಾರೇನು?" ನಾನು ಹಲ್ಲು ಕಚ್ಚಿಕೊಂಡು ರೊಟ್ಟಿ ಕಟ್ಟಿದೆ.

ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೊರಡಬೇಕಿತ್ತು. ಅತ್ತೆಯ ಪೂಜೆ ಅಂದು ಎಂದಿಗಿಂತ ಉದ್ದವಾಯಿತು. ಬಿಸಿಲು ಏರಿದ ಮೇಲೆ ಕಾಲುವೆ ತಲುಪಿದೆವು. ಗದ್ದೆಗಳಲ್ಲಿ ಭತ್ತ ತೆನೆ ಬಾಗಿತ್ತು, ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಹರಿಗೋಲನ್ನು ನೋಡಿದರೆ ಅದು ಡಾಂಬರು ಬಳಿದ ದೊಡ್ಡ ಬುಟ್ಟಿ. ಅದರಲ್ಲಿ ಮೊದಲು ಮಾದಲಿಯ ಬುಟ್ಟಿ, ರೊಟ್ಟಿಯ ಗಂಟು, ಮೊಸರಿನ ಗಡಿಗೆ, ಚಾಪೆ ಇಳಿದವು. ಆಮೇಲೆ ಮುದುಕಿಯರು. ನೆಗೆಣ್ಣಿ. ಇದನ್ನೆಲ್ಲ ಯೋಚಿಸಿದ ನಮ್ಮವರಿಗೇ ಜಾಗ ಉಳಿಯಲಿಲ್ಲ. ಅವರು ನೆಗೆಣ್ಣಿಯ ಮಕ್ಕಳನ್ನು ಕರೆದುಕೊಂಡು ಟ್ರ್ಯಾಕ್ಟರಿನಲ್ಲಿ ದಂಡೆಯ ಮೇಲೇ ಬಂದರು. ನಾನು ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುದುಡಿ ಕುಳಿತೆ. ಅತ್ತೆ ನನ್ನ ಎದುರಿಗೆ, ಮಗಳು ಅವರ ತೊಡೆಯಲ್ಲಿ.

ಹರಿಗೋಲಿನವನು ಹುಟ್ಟು ಹಾಕಿದ. ಹರಿಗೋಲು ಒಂದು ಸುತ್ತು ತಿರುಗಿತು.

"ಸೀದಾ ನಡಸೋ ತಮ್ಮಾ" ಅಂದರು ಅತ್ತೆ.

"ಇದು ಹರಗೋಲ ಐತ್ರೀ ಯವ್ವಾರ. ತಿರಗಿಕೊಂತನ ಹೋಕ್ಕೈತಿ."

"ತಿರಗದಂಗ ನಡಸು. ನಮ್ಮವ್ವಾರಿಗೆ ತಲಿ ತಿರಗ್ತೈತಿ." ಜೊತೆಗಿದ್ದ ಮುದುಕಿಯರನ್ನು ತೋರಿಸಿ ಹೇಳಿದರು. ಅವನು ನನ್ನ ಮುಖ ನೋಡಿದ. ನಾನು ನೀರು ನೋಡಿದೆ.

ಆದರೂ ಒಂದು ಗಳಿಗೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು ಕೈ ಬೀಸಿದರು. ಮಗಳು ಚಪ್ಪಾಳೆ ತಟ್ಟಿದಳು. ನೆಗೆಣ್ಣಿ ಕೂಡ ನಕ್ಕಳು. ಮೂರು ವರ್ಷದಿಂದ ನಾನು ಕಾಯುತ್ತಿದ್ದ ನಗು ಅದು...

ಆಗ ಸೇತುವೆ ಬಂತು. ಹೊಲದ ದಾರಿಗೆ ಕಟ್ಟಿದ ಕಲ್ಲಿನ ತಗ್ಗು ಸೇತುವೆ, ಕಾಲುವೆ ತುಂಬಿ ಹರಿಯುತ್ತಿದ್ದದ್ದರಿಂದ ಅದರ ಹೊಟ್ಟೆಗೂ ನೀರಿಗೂ ನಡುವೆ ಸ್ವಲ್ಪವೇ ಜಾಗ. "ತಲಿ ಬಗ್ಗಸ್ರೀ! ಎಲ್ಲಾರೂ ಬಗ್ರೀ!" ಎಂದು ಹರಿಗೋಲಿನವನು ಕೂಗಿದ. ಎಲ್ಲರೂ ಮೊಣಕಾಲಿಗೆ ಹಣೆ ಹಚ್ಚಿದರು. ಅತ್ತೆ ಪಕ್ಕದ ಅಂಚಿನ ಕಡೆ ವಾಲಿ, ಮಗಳ ಮೇಲೆ ಬಾಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಗಂಟಿನ ಮೇಲೆ ಕೆನ್ನೆ ಇಟ್ಟು ಬಗ್ಗಿದ್ದ ನನಗೆ ಮಾತ್ರ ಎದುರಿನದು ಓರೆಯಾಗಿ ಕಾಣುತ್ತಿತ್ತು. ಅತ್ತೆಯ ಕೊರಳಿಂದ ಜೋತ ಕರಡಿಗೆ ಹರಿಗೋಲಿನ ಅಂಚಿನಾಚೆಗೆ ತೂಗಾಡುತ್ತಿತ್ತು. ಕರಿ ದಾರ ಬಿಚ್ಚಿತ್ತು. ಮಗಳ ಕೈ ಮುಚ್ಚಳದ ಮೇಲಿತ್ತು. ಬುಳುಕ್ ಎಂದು ಸಣ್ಣ ಸದ್ದಾಯಿತು. ಅವಳು ಖುಷಿಯಿಂದ ಕೇಕೆ ಹಾಕಿದಳು.

ಬೆಳಕಿಗೆ ಬಂದಾಗ ಅತ್ತೆ ನೆಟ್ಟಗೆ ಕುಳಿತಿದ್ದರು. ಸೆರಗು ಎದೆಯ ಮೇಲೆ ಬಿಗಿಯಾಗಿತ್ತು, ಅದರೊಳಗೆ ಕರಡಿಗೆ ಹಿಡಿದ ಮುಷ್ಟಿ.

ಲಿಂಗ ಕಳೆದುಕೊಂಡರೆ ಏನೆಂಬುದು ಆ ಮನೆತನದವರಿಗೆ ಹೇಳಬೇಕಾಗಿರಲಿಲ್ಲ. ಅಂಗದ ಮೇಲೆ ಲಿಂಗವಿಲ್ಲದೆ ಅನ್ನವಿಲ್ಲ, ನೀರಿಲ್ಲ. ಜೀವ ಬಿಟ್ಟರೂ ಲಿಂಗ ಬಿಡಬಾರದೆಂದು ಹಿರಿಯರು ಹೇಳುತ್ತಿದ್ದರು. ಅದೂ ಯಾರ ಕೈಯಿಂದ? ಹುಟ್ಟುತ್ತಲೇ ಅಜ್ಜನನ್ನು ನುಂಗಿದಳು ಅನ್ನಿಸಿಕೊಂಡವಳ ಕೈಯಿಂದ, ಅವಳು ಹುಟ್ಟಿದ ದಿನವೇ. ಇದು ನೆಗೆಣ್ಣಿಯ ಕಿವಿಗೆ ಬಿದ್ದರೆ ಮಗಳ ಹಣೆಗೆ ಅಂಟಿದ ಮಾತು ಅವಳ ಮದುವೆಯ ತನಕ, ಮದುವೆಯಾದ ಮೇಲೂ ಬಿಡುವುದಿಲ್ಲ. ಇದೆಲ್ಲ ಒಂದೇ ಉಸಿರಿನಲ್ಲಿ ನನಗೆ ಹೊಳೆಯಿತು. ಆದರೂ ನಿಲ್ಲಿಸು ಎಂದು ಕೂಗಲು ಬಾಯಿ ತೆರೆದೆ.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ಏ ಹುಡುಗಿ, ಕೂಸಿಗೆ ಬಿಸಲ ಹತ್ತಾಕತ್ತೈತಿ. ಸೆರಗ ಹೊದಿಸು" ಅಂದರು. ನಾನು ಸೆರಗು ಹೊದಿಸಿದೆ.

ಬೇವಿನ ಗಿಡದ ಕೆಳಗೆ ಊಟ. ಅತ್ತೆ ಮೊಮ್ಮಗಳಿಗೆ ಆರತಿ ಮಾಡಿದರು, ಎಲ್ಲರಿಗೂ ತಾವೇ ಬಡಿಸಿದರು. ತಾವು ಕುಳಿತುಕೊಳ್ಳಲಿಲ್ಲ. "ಯಾಕ ಅತ್ಯಾರ, ನೀವು ಉಣ್ಣಂಗಿಲ್ಲೇನ್ರಿ?" ಎಂದು ನೆಗೆಣ್ಣಿ ಕೇಳಿದಳು. "ಇವತ್ತ ನನಗ ಒಪ್ಪತ್ತು" ಅಂದರು. ಬಾಯಿ ಒಣಗಿ ತುಟಿ ಅಂಟುತ್ತಿದ್ದರೂ ನೀರಿನ ಚೊಂಬನ್ನು ಬೇರೆಯವರ ಕಡೆಗೇ ಸರಿಸುತ್ತಿದ್ದರು. ಖಾಲಿ ಕರಡಿಗೆಗೆ ಮತ್ತೆ ಕರಿ ದಾರ ಸುತ್ತಿ, ಎಲ್ಲರಿಗೂ ಕಾಣುವಂತೆ ಸೆರಗಿನ ಮೇಲೆ ಬಿಟ್ಟುಕೊಂಡಿದ್ದರು.

ನಾನು ಕೈ ತೊಳೆಯುವ ನೆಪದಲ್ಲಿ ಹರಿಗೋಲಿನವನ ಹತ್ತಿರ ಹೋದೆ. ಸೇತುವೆ ಕೆಳಗೆ ಕಾಲುಂಗುರ ಬಿತ್ತು, ಮುಳುಗಿ ತೆಗೆಯಬಹುದಾ ಎಂದು ಕೇಳಿದೆ. ಅವನು ತಲೆ ಅಲ್ಲಾಡಿಸಿದ. "ನಿಂತ ನೀರಲ್ಲಬೇ ಯಕ್ಕಾ. ಸೆಳವು ಜೋರೈತಿ, ತಳದಾಗ ರಾಡಿ ಐತಿ. ಬ್ಯಾಸಿಗ್ಯಾಗ ನೀರ ಬಂದ್ ಮಾಡ್ತಾರಲ್ಲ, ಆವಾಗ ಬಂದು ನೋಡ್ರಿ."

ಮರುದಿನ ಬೆಳಿಗ್ಗೆ ಅತ್ತೆ ಹೊಸ ವರಾತ ತೆಗೆದರು. ಮಸ್ಕಿಯಲ್ಲಿ ತಮ್ಮ ಅಕ್ಕನಿಗೆ ಆರಾಮಿಲ್ಲ, ಈಗಿಂದೀಗ ಹೋಗಬೇಕು, ಸೊಸೆ ಜೊತೆಗೆ ಬರಬೇಕು. ಅವರ ಅಕ್ಕ ಮಸ್ಕಿಯಲ್ಲಿ ಕಲ್ಲುಗುಂಡಿನಂತೆ ಇದ್ದಳು. ಹೊಸ ಲಿಂಗ ಕಟ್ಟುವ ಅಯ್ಯನವರು ಸಿಂಧನೂರಿನಲ್ಲೇ ಇದ್ದರಲ್ಲ, ಅಲ್ಲಿಗೇ ಹೋಗಬಹುದಿತ್ತು. ಆದರೆ ಸಿಂಧನೂರಿನಲ್ಲಿ ಹೇಳಿದ್ದು ಸಂಜೆಯೊಳಗೆ ನೆಗೆಣ್ಣಿಗೆ ತಿಳಿಯುತ್ತಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ಹಿಂದಿನ ದಿನದಿಂದ ನೀರು ಕಾಣದ ಹೆಂಗಸು, ಕಂಬಿ ಹಿಡಿದು ನಿಂತು, "ಸೀರಿ ನೆರಿಗಿ ನೆಟ್ಟಗ ಮಾಡಿಕೋ, ಹಟ್ಟಿಯವರಿಗೆ ಸೀರಿ ಉಡೂದೂ ಬರಂಗಿಲ್ಲೇನು" ಎಂದು ನನಗೆ ಬುದ್ಧಿ ಹೇಳುತ್ತಿದ್ದರು. ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ.

ಮಸ್ಕಿಯ ಅಯ್ಯನವರು ಅವರ ತವರಿನ ಗುರುಗಳು, ಬಹಳ ವಯಸ್ಸಾದವರು. ಅತ್ತೆ ಅವರ ಕಾಲಿಗೆ ಬಿದ್ದು, ಮೊದಲ ಬಾರಿ ಅತ್ತರು. ಸದ್ದಿಲ್ಲದೆ ಅತ್ತರು.

"ಹೆಂಗ ಹೋತವ್ವಾ?" ಎಂದು ಅಯ್ಯನವರು ಕೇಳಿದರು.

"ನನ್ನ ಕೈಯಿಂದನ ಬಿತ್ರೀ ಅಪ್ಪಾರ. ಮುಚ್ಚಳ ಸಡ್ಲ ಇತ್ತು. ಸೊಸಿ ಹೇಳಿದ್ಲು, ನಾ ಕೇಳಲಿಲ್ಲ."

ನಾನು ಹಿಂದೆ ಕುಳಿತಿದ್ದೆ. ಗುರುವಿನ ಮುಂದೆ ಸುಳ್ಳಾಡಿದವರಿಗೆ ಗತಿಯಿಲ್ಲ ಎಂದು ನಮಗೆಲ್ಲ ಕತೆ ಹೇಳುತ್ತಿದ್ದವರು ಇವರೇ. ಅಯ್ಯನವರು ಹೊಸ ಲಿಂಗವನ್ನು ಪೂಜಿಸಿ, ವಿಭೂತಿ ಹಚ್ಚಿ ಅವರ ಅಂಗೈಯಲ್ಲಿಟ್ಟರು. "ಹೋಗು, ನೀರ ಕುಡದು ಪ್ರಸಾದ ಮಾಡು. ಮನಸ್ಸು ಶುದ್ಧ ಇತ್ತಂದ್ರ ಇದಕ್ಕ ಶಿಕ್ಷಾ ಅಂತ ಏನೂ ಇಲ್ಲ" ಅಂದರು. ಅಲ್ಲಿಗೆ ಮುಗಿಯಬೇಕಲ್ಲ? ಇಲ್ಲ. ಅತ್ತೆ ಏಳಲೇ ಇಲ್ಲ. "ಏನಾರ ಒಂದು ಹೇಳ್ರೀ ಅಪ್ಪಾರ, ನನಗ ಸಮಾಧಾನ ಆಗಂಗಿಲ್ಲ" ಎಂದು ಹಟ ಹಿಡಿದರು. ಕೊನೆಗೆ ಆ ಮುದುಕರಿಗೇ ಸಾಕಾಯಿತು. "ಹಂಗಾರ ಕಾರ್ತಿಕ ಮುಗಿಯೋತನಕ ಉಪ್ಪು ಬಿಡು" ಅಂದರು.

ಆ ಕಾರ್ತಿಕವನ್ನು ನಾನು ಮರೆಯಲಾರೆ. ಅವರಿಗೆ ಬೇರೆ ಒಲೆ, ಬೇರೆ ಪಾತ್ರೆ, ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಪಲ್ಯ, ಎಲ್ಲ ನಾನೇ ಮಾಡಬೇಕು. ತಿಂದು ಮುಖ ಸಿಂಡರಿಸಿ, "ಏನ್ ಮಾಡೀಯಬೇ ಇದನ್ನ, ರುಚಿನ ಇಲ್ಲ" ಅನ್ನುತ್ತಿದ್ದರು. ಉಪ್ಪಿಲ್ಲದೆ ರುಚಿ ಎಲ್ಲಿಂದ ತರಲಿ? ನೆಗೆಣ್ಣಿ, "ಅತ್ಯಾರಿಗೆ ಈ ವರ್ಷ ಭಕ್ತಿ ಹೆಚ್ಚಾಗೈತಿ" ಎಂದು ನಗುತ್ತಿದ್ದಳು. ಅವರು ಉಪ್ಪು ಬಿಟ್ಟದ್ದು ಲಿಂಗ ಕಳೆದದ್ದಕ್ಕಲ್ಲ, ಅಯ್ಯನವರ ಮುಂದೆ ಆಡಿದ ಆ ಒಂದು ಸುಳ್ಳಿಗೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇನ್ನಷ್ಟು ಉರಿಯುತ್ತಿತ್ತು. ನನ್ನ ಮಗಳಿಗಾಗಿ ಒಬ್ಬರು ಸಪ್ಪೆ ಉಣ್ಣುತ್ತಾರೆ, ಅದಕ್ಕೆ ಕೃತಜ್ಞಳಾಗಿರೋಣವೆಂದರೆ ಅವರು ಒಂದು ಗಳಿಗೆಯೂ ಬಿಡುವುದಿಲ್ಲ!

ಒಂದು ದಿನ ತಡೆಯಲಾರದೆ ಅವರ ಪಕ್ಕ ಕುಳಿತು ಶುರು ಮಾಡಿದೆ. "ಅತ್ಯಾರ, ಆವತ್ತ ಸೇತುವಿ ಕೆಳಗ..."

"ಯಾವ ಸೇತುವಿ? ಒಳಗ ಹಾಲ ಉಕ್ಕಾಕತ್ತೈತಿ ನೋಡು, ಹೋಗು."

ಓಡಿ ಹೋಗಿ ನೋಡಿದರೆ ಒಲೆಯ ಮೇಲೆ ಹಾಲೇ ಇರಲಿಲ್ಲ. ಆಮೇಲೂ ಎಷ್ಟೋ ಸಲ ಆ ಮಾತು ತೆಗೆದೆ. ಪ್ರತಿ ಸಲವೂ ಇಲ್ಲದ ಹಾಲು ಉಕ್ಕಿತು.

ಆದರೆ ಬೇಸಿಗೆಯಲ್ಲಿ ಕಾಲುವೆಯ ನೀರು ಬಂದ್ ಆಯಿತೆಂದು ಅಂಗಡಿಯಲ್ಲಿ ಮಾತು ಬಂದರೆ ಸಾಕು, "ಗೊರೇಬಾಳದಾಗ ಹುಣಸಿಹಣ್ಣು ಚಲೋ ಸಿಗ್ತಾವಂತ, ನಡಿ ತರೂಣು" ಅನ್ನುತ್ತಿದ್ದರು. ಸಿಂಧನೂರಿನ ಬೇಸಿಗೆ, ನೆತ್ತಿ ಸೀಳುವ ಬಿಸಿಲು. ಬಿರುಕು ಬಿಟ್ಟ ಕಾಲುವೆಯ ತಳದಲ್ಲಿ, ಆ ಸೇತುವೆಯ ಕೆಳಗೆ, ಅವರು ಬಾಗಿ ಕೋಲಿನಿಂದ ಮಣ್ಣು ಕೆದಕುತ್ತಿದ್ದರು. ನಾನು ಛತ್ರಿ ಹಿಡಿದು ಹಿಂದೆ. ದಂಡೆಯಲ್ಲಿ ಹೋಗುವವರು ಏನು ಹುಡುಕುತ್ತೀರಿ ಎಂದು ಕೇಳಿದರೆ, "ಈಕಿ ಕಾಲುಂಗುರ ಕಳಕೊಂಡಾಳ್ರೀ, ಜರಾನೂ ಖಬರಿಲ್ಲ ಈಕಿಗೆ" ಎಂದು ನನ್ನ ಕಡೆ ಬೊಟ್ಟು ಮಾಡುತ್ತಿದ್ದರು. ಹರಿಗೋಲಿನವನಿಗೆ ನಾನು ಹೇಳಿದ್ದ ಸುಳ್ಳನ್ನು ಆವತ್ತು ಎಲ್ಲಿ ನಿಂತು ಕೇಳಿಸಿಕೊಂಡಿದ್ದರೋ ಏನೋ. ಶಂಖ, ಕಪ್ಪೆಚಿಪ್ಪು, ಗಾಜಿನ ಬಳೆಯ ಚೂರು ಸಿಕ್ಕವು. ಬೇಕಾದದ್ದು ಸಿಗಲಿಲ್ಲ. ಮನೆಗೆ ಬಂದ ಮೇಲೆ ಹುಣಸೆಹಣ್ಣು ತರಲು ಮರೆತದ್ದಕ್ಕೂ ನಾನೇ ಬೈಸಿಕೊಳ್ಳುತ್ತಿದ್ದೆ.

ಮಗಳ ಕಾಲ್ಗುಣದ ಮಾತು ಬರಬರುತ್ತಾ ತಾನೇ ಸತ್ತಿತು. ಅವಳು ಶಾಲೆಗೆ ಹೋದಳು, ಓದಿದಳು. ಪ್ರತಿ ವರ್ಷ ಅವಳು ಹುಟ್ಟಿದ ದಿನ ಮನೆಯಲ್ಲಿ ಮಾದಲಿ ಆಗುತ್ತಿತ್ತು, ಅತ್ತೆ ಆರತಿ ಮಾಡುತ್ತಿದ್ದರು. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಹೋದ ದಿನ ಅವರನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿದರು. ಮಗಳು ಅಳುತ್ತಾ ಆ ಕೈಗೆ ಬಿಲ್ವಪತ್ರೆ ಏರಿಸಿದಳು. ಮಸ್ಕಿಯಿಂದ ತಂದ ಲಿಂಗ ಅವರ ಜೊತೆ ಮಣ್ಣಿಗೆ ಹೋಯಿತು. ಹುಟ್ಟಿನಿಂದ ಕೊರಳಲ್ಲಿದ್ದದ್ದು ಕಾಲುವೆಯ ತಳದಲ್ಲಿ ಎಲ್ಲಿದೆಯೋ... ಅದು ಯಾಕೆ ಜೊತೆಗಿಲ್ಲವೆಂದು ಬಿಲ್ವಪತ್ರೆ ಏರಿಸಿದ ಕೈಗೆ ತಿಳಿದಿರಲಿಲ್ಲ.

ಆ ಮಗಳು ಈಗ ಲಿಂಗಸೂಗೂರಿನಲ್ಲಿ ಟೀಚರು. ದೀಪಾವಳಿಗೆ ಬಂದಿದ್ದಳು. ಟ್ರಂಕಿನ ಮುಂದೆ ನಾನು ಕುಳಿತಿದ್ದಾಗ ಕೈಯಿಂದ ಕರಡಿಗೆ ತೆಗೆದುಕೊಂಡು, ದಾರ ಬಿಚ್ಚಿ, ಮುಚ್ಚಳ ತೆರೆದಳು. ಅದೇ ಬೆರಳುಗಳು. ಒಳಗೆ ಏನೂ ಇರಲಿಲ್ಲ.

"ಇದರ ಮುಚ್ಚಳ ಇಷ್ಟ ಸಡ್ಲ ಐತಲ್ಲ ಅವ್ವಾ, ಅಜ್ಜಿ ಲಿಂಗ ಯಾವತ್ತೂ ಬಿದ್ದಿರಲಿಲ್ಲೇನು?"

"ಒಳಗ ಹಾಲ ಉಕ್ಕಾಕತ್ತೈತಿ ನೋಡು, ಹೋಗು" ಅಂದೆ.

ಹೋದಳು. ಹಾಗೇ ವಾಪಸು ಬಂದು ಬಾಗಿಲಲ್ಲಿ ನಿಂತಳು. "ಹಾಲ ಇಟ್ಟೇ ಇಲ್ಲಲ್ಲ ಅವ್ವಾ." ನಾನು ಟ್ರಂಕಿನ ಬಟ್ಟೆ ಮಡಚತೊಡಗಿದೆ. ಅವಳೂ ಮತ್ತೆ ಕೇಳದೆ ಊರಿಗೆ ಹೋದಳು.

ಬಾಯಿಂದ ಆಗದ್ದನ್ನು ಇಲ್ಲಿ ಬರೆದಿದ್ದೇನೆ. ಮಗಳು ಓದುತ್ತಾಳೆ, ಓದಲಿ. ಅತ್ತೆಗೆ ಇದು ಸರಿಬರುವುದಿಲ್ಲವೆಂದು ನನಗೆ ಗೊತ್ತು. "ನಿನಗ ಒಂದು ಮಾತು ಹೊಟ್ಟ್ಯಾಗ ನಿಲ್ಲಂಗಿಲ್ಲೇನಬೇ" ಎಂದು ಇಡೀ ಓಣಿಗೆ ಕೇಳುವಂತೆ ಬೈಯುತ್ತಿದ್ದರು. ಬರೆದು ಮುಗಿಸಿ ಕರಡಿಗೆಗೆ ಮತ್ತೆ ಕರಿ ದಾರ ಸುತ್ತಿದೆ. ಮನೆಯಲ್ಲಿ ಯಾರೂ ಬೈಯಲಿಲ್ಲ.